ಚಿಕ್ಕಮಗಳೂರಿಗೆ ಹೊಸಬರೇ? ಕಾರು ಬುಕ್ ಮಾಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಊರಿಗೆ ವರ್ಗವಾಗಿ ಬಂದವರು ಬಾಡಿಗೆ ಮನೆ, ಮಕ್ಕಳ ಶಾಲೆ ಆದಮೇಲೆ ನಮ್ಮ ಸಂಘದಲ್ಲಿ ಕೇಳುವುದು ಒಂದೇ: "ಈ ಊರಿಗೆ ಯಾವ ಕಾರು ಒಳ್ಳೇದು?" ಕಂಪನಿ ಹೆಸರು ನಾವು ಹೇಳುವುದಿಲ್ಲ. ನೀವು ದಿನಾ ಎಷ್ಟು ದೂರ ಓಡಿಸ್ತೀರಿ, ಎಷ್ಟು ವರ್ಷ ಇಟ್ಟುಕೊಳ್ತೀರಿ ಅಂತ ಮೊದಲು ಕೇಳುತ್ತೇವೆ.

ಘಟ್ಟದ ಊರು ಅಂದ ಕೂಡಲೇ ದೊಡ್ಡ ಡೀಸೆಲ್ ಗಾಡಿಯೇ ಬೇಕು ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡಿ. ಮನೆ, ಆಫೀಸು, ಶಾಲೆ ಎಲ್ಲ ಸೇರಿ ದಿನಕ್ಕೆ 20 ಕಿ.ಮೀ. ಅಂದರೆ ವರ್ಷಕ್ಕೆ ಸುಮಾರು 7,200 ಕಿ.ಮೀ. ಪೆಟ್ರೋಲ್ ಲೀಟರಿಗೆ 103 ರೂ., ಮೈಲೇಜ್ 15 ಅಂತ ಹಿಡಿದರೆ ವರ್ಷಕ್ಕೆ ಹತ್ತಿರ ಹತ್ತಿರ 49,500 ರೂ. ಡೀಸೆಲ್ 91 ರೂ., ಮೈಲೇಜ್ 20 ಅಂದರೆ ಸುಮಾರು 32,800 ರೂ. ಉಳಿಯುವುದು ಹದಿನಾರು ಹದಿನೇಳು ಸಾವಿರ. ಡೀಸೆಲ್ ಮಾದರಿಗೆ ಒಂದೂವರೆ ಲಕ್ಷ ಜಾಸ್ತಿ ಕೊಟ್ಟಿದ್ದರೆ ಆ ದುಡ್ಡು ವಾಪಸ್ ಬರೋಕೆ 9 ವರ್ಷ ಬೇಕು!

ಇನ್ನೊಂದು ತೊಂದರೆಯೂ ಇದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಅದರ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ದೂರ, ಒಂದೇ ವೇಗದಲ್ಲಿ ಓಡಬೇಕು. ಎಂ.ಜಿ. ರೋಡಿನವರೆಗೆ ಹೋಗಿ ಬರುವುದರಲ್ಲೇ ದಿನ ಕಳೆದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ವರ್ಕ್‌ಶಾಪ್ ದಾರಿ ಹಿಡಿಯಬೇಕಾಗುತ್ತದೆ. ವಾರಕ್ಕೆರಡು ಸಲ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವವರ ಮಾತು ಬೇರೆ, ಅವರು ಧಾರಾಳವಾಗಿ ಡೀಸೆಲ್ ತಗೊಳ್ಳಲಿ. ಊರೊಳಗೇ ಓಡಾಡುವ ನಾಲ್ಕು ಜನರ ಸಂಸಾರಕ್ಕೆ ಸಾದಾ ಪೆಟ್ರೋಲ್ ಗಾಡಿ ಸಾಕು ಅನ್ನುವುದು ನಮ್ಮ ಅಭಿಪ್ರಾಯ.

ಟೆಸ್ಟ್ ಡ್ರೈವ್ ಅಂತ ಶೋರೂಮಿನವರು ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಕಳಿಸ್ತಾರೆ. ಅಷ್ಟಕ್ಕೇ ಒಪ್ಪಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಕೈಮರದ ಕಡೆ ಏರು ಹತ್ತಿಸಿ. ಎ.ಸಿ. ಹಾಕಿ. ಹಿಂದೆ ಗಾಡಿ ಇಲ್ಲದಾಗ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿ. ಬ್ರೇಕಿನಿಂದ ಕಾಲು ತೆಗೆದಾಗ ಎಷ್ಟು ಹಿಂದಕ್ಕೆ ಜಾರಿತು? ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಎ.ಎಂ.ಟಿ. ಗಾಡಿ ಆದರೆ ಇದನ್ನು ನೋಡಲೇಬೇಕು, ಏರಿನಲ್ಲಿ ಹಿಂದೆ ಜಾರದಂತೆ ಕೆಲ ಕ್ಷಣ ಹಿಡಿಯುವ ಹಿಲ್ ಹೋಲ್ಡ್ ಇದೆಯಾ ಅಂತಲೂ ಕೇಳಿ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿದಾಗ ಗಾಡಿ ತಾನಾಗಿಯೇ ತಡೆದುಕೊಂಡು ಇಳಿಯಬೇಕು. ಇಲ್ಲದಿದ್ದರೆ ಬ್ರೇಕ್ ಪ್ಯಾಡ್ ಖರ್ಚು ನಿಮ್ಮ ತಲೆಗೆ.

ಸುರಕ್ಷತೆಗೆ 2023ರಲ್ಲಿ ಶುರುವಾದ, ಡಿಕ್ಕಿ ಪರೀಕ್ಷೆ ಮಾಡಿ ಕೊಡುವ ಭಾರತ್ ಎನ್‌ಸಿಎಪಿ ಸ್ಟಾರ್ ನೋಡಿ. ದೊಡ್ಡವರಿಗೆ, ಮಕ್ಕಳಿಗೆ ಬೇರೆ ಬೇರೆ ಸ್ಟಾರ್ ಕೊಟ್ಟಿರುತ್ತಾರೆ.

ಈಗ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇ 18. ಅದಕ್ಕಿಂತ ದೊಡ್ಡದಕ್ಕೆ ಶೇ 40. ಇದು ಶೋರೂಮ್ ಬೆಲೆಯಲ್ಲೇ ಸೇರಿರುತ್ತದೆ. ನೋಂದಣಿ ವೇಳೆ ಒಂದೇ ಸಲ ಕಟ್ಟುವ ಕರ್ನಾಟಕದ ಜೀವಿತಾವಧಿ ತೆರಿಗೆ ಮಾತ್ರ ಪ್ರತ್ಯೇಕ, ಹೊರಗಿನಿಂದ ಬಂದವರು ಬೆಚ್ಚಿ ಬೀಳುವುದೂ ಇಲ್ಲೇ. 5ರಿಂದ 10 ಲಕ್ಷದ ಕಾರಿಗೆ ಶೇ 14, 10 ಲಕ್ಷ ದಾಟಿದರೆ 20 ಲಕ್ಷದವರೆಗೆ ಶೇ 17, ಅದರ ಮೇಲೆ ಸೆಸ್. ಸೆಸ್ ಬಿಟ್ಟು 9.90 ಲಕ್ಷದ ಗಾಡಿಗೆ ತೆರಿಗೆ 1,38,600 ರೂ., 10.10 ಲಕ್ಷದ್ದಕ್ಕೆ 1,71,700 ರೂ. ಸನ್‌ರೂಫ್ ಆಸೆಗೆ ಇಪ್ಪತ್ತು ಸಾವಿರ ಜಾಸ್ತಿ ಕೊಟ್ಟರೆ ತೆರಿಗೆಯೇ ಮೂವತ್ಮೂರು ಸಾವಿರ ಏರುತ್ತದೆ. ಮಳೆಗಾಲದಲ್ಲಿ ಆ ಸನ್‌ರೂಫ್ ತೆಗೆಯುವುದಾದರೂ ಯಾವಾಗ? 10 ಲಕ್ಷ ಮೀರಿದಾಗ ಶೋರೂಮಿನವರು ಮುಂಗಡವಾಗಿ ಹಿಡಿಯುವ ಶೇ 1 ಆದಾಯ ತೆರಿಗೆ, ಅಂದರೆ ಟಿಸಿಎಸ್, ಮಾತ್ರ ನಿಮ್ಮದೇ ದುಡ್ಡು, ಆದಾಯ ತೆರಿಗೆ ರಿಟರ್ನಿನಲ್ಲಿ ಕೇಳಿ ಪಡೆಯಿರಿ.

ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ 3 ವರ್ಷದ್ದು ಒಟ್ಟಿಗೇ ಕಟ್ಟಬೇಕು. ಆದರೆ ಅದನ್ನು ಶೋರೂಮಿನಲ್ಲೇ ಮಾಡಿಸಬೇಕು ಅಂತೇನಿಲ್ಲ, ಹೊರಗೆ ಎರಡು ಕಡೆ ವಿಚಾರಿಸಿ. ಪಾಲಿಸಿಯಲ್ಲಿ ಇಲಿ ಕಡಿತ ಸೇರಿದೆಯಾ ಅಂತ ಕೇಳುವಾಗ ನಾಚಿಕೆ ಬೇಡ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಒಳಗೆ ಸೇರಿ ವೈರ್ ಕಡಿಯುವುದು ಮಲೆನಾಡಿನ ಇಲಿಗಳಿಗೆ ಮಾಮೂಲು.

ಸರ್ವಿಸ್ ಸೆಂಟರ್ ಊರಲ್ಲೇ ಇದೆಯಾ? ಬರೀ ಆಯಿಲ್ ಬದಲಿಸುತ್ತಾರಾ, ಬಾಡಿ ಕೆಲಸವನ್ನೂ ಮಾಡುತ್ತಾರಾ? ಬಂಪರ್ ಒಡೆದಾಗಲೆಲ್ಲ ಹಾಸನಕ್ಕೆ 60 ಕಿ.ಮೀ. ಓಡಬೇಕಾದರೆ ಎಷ್ಟು ಒಳ್ಳೆ ಗಾಡಿಯೂ ಬೇಜಾರಾಗುತ್ತದೆ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರು ಟೈರು, ಬ್ಯಾಟರಿ, ಕ್ಲಚ್ ರೇಟನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಅದೇ ಮಾದರಿಯ ಐದು ವರ್ಷ ಹಳೇ ಕಾರು ಈಗ ಎಷ್ಟಕ್ಕೆ ಹೋಗುತ್ತಿದೆ ಅಂತಲೂ ನೋಡಿ.

ಆಷಾಢದಲ್ಲಿ ಕೊಳ್ಳುವವರು ಕಮ್ಮಿ, ರಿಯಾಯಿತಿ ಜಾಸ್ತಿ. ನಂಬಿಕೆ ಇರುವವರು ಆಗ ಬುಕ್ ಮಾಡಿ ಶ್ರಾವಣದಲ್ಲಿ ಮನೆಗೆ ತರಬಹುದಲ್ವಾ? ಹಣ ಪೂರ್ತಿ ಕೊಡುವ ಮುಂಚೆ ಗಾಡಿ ತಯಾರಾದ ತಿಂಗಳು, ವರ್ಷ ನೋಡಿ. ಬಿಲ್ಲಿನಲ್ಲಿ "ಹ್ಯಾಂಡ್ಲಿಂಗ್" ಅಂತ ಏನಾದರೂ ಸೇರಿಸಿದ್ದರೆ ತೆಗೆಸಿ. ಒಬ್ಬರೇ ಹೋಗಿ ಚೌಕಾಸಿ ಮಾಡೋಕೆ ಮುಜುಗರ ಆದರೆ ಸಂಘದಲ್ಲಿ ಹೇಳಿ, ಭಾನುವಾರ ಯಾರಾದರೂ ಜೊತೆಗೆ ಬರ್ತಾರೆ.