ಲೋಡ್ ಪಿಕಪ್‌ಗೆ ರೀಮ್ಯಾಪ್: ಚೋರ್ಲಾ ಘಾಟಿನಲ್ಲಿ ಮೂರನೇ ಗೇರ್

ಲೋಡ್ ಎಳೆಯುವ ಗಾಡಿಗೆ ರೀಮ್ಯಾಪ್, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಲೆಕ್ಕ ಬದಲಿಸುವುದು, ಮಾಡಿಸಿದರೆ ಆರು ತಿಂಗಳಲ್ಲಿ ಇಂಜಿನ್ ಬಿಚ್ಚಬೇಕಾಗುತ್ತದೆ ಅಂತ ಬೆಳಗಾವಿ ಎಪಿಎಂಸಿಯಲ್ಲಿ ನಮ್ಮ ಸ್ಟ್ಯಾಂಡಿನ ಎಲ್ಲರೂ ಹೇಳಿದ್ದರು. ಎರಡು ವರ್ಷದ ಮೇಲಾಯಿತು. ಹೆಡ್ ಇನ್ನೂ ಬಿಚ್ಚಿಲ್ಲ. ತರಕಾರಿ ಗೋವಾಕ್ಕೆ ಹೋಗುತ್ತಿದೆ, ಗುಜರಿ ಕಬ್ಬಿಣ ವಾಪಸ್ ನಮ್ಮ ಕಾರ್ಖಾನೆಗಳ ಏರಿಯಾ ಉದ್ಯಮಬಾಗಕ್ಕೆ ಬರುತ್ತಿದೆ. ಈಗ ಅದೇ ಜನ "ಯಾರ ಕಡೆ ಮಾಡಿಸಿದ್ರಿ, ನಂಬರ್ ಕೊಡ್ರಿ" ಅನ್ನುತ್ತಾರೆ. ಕೊಡುತ್ತೇನೆ. ಆದರೆ ಆ ನಂಬರಿಗೆ ಫೋನ್ ಮಾಡುವ ಮೊದಲು ಮಾಡಬೇಕಾದ ಕೆಲಸ ಬಹಳ ಇದೆ. ಅರ್ಧಕ್ಕಿಂತ ಜಾಸ್ತಿ ಫಾಯಿದೆ ನನಗೆ ಸಿಕ್ಕಿದ್ದು ಅಲ್ಲೇ.

ಗಾಡಿ ಬಿಎಸ್ 4, ಎರಡೂವರೆ ಲೀಟರ್ ಕಾಮನ್ ರೈಲ್ ಡೀಸೆಲ್, ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವುದು), ಇಂಟರ್‌ಕೂಲರ್ (ಆ ಗಾಳಿ ತಣ್ಣಗೆ ಮಾಡುವುದು). ಯಾವ ಕಂಪನಿ ಅಂತ ಬೇಡ. ಎಪಿಎಂಸಿ ಗೇಟಿನಲ್ಲಿ ನಿಂತರೆ ಕಣ್ಣಿಗೆ ಬೀಳುವುದೇ ಅದು. ಕಾಗದದ ಮೇಲೆ ಎಪ್ಪತ್ತರ ಆಸುಪಾಸು ಎಚ್‌ಪಿ, 200 ನ್ಯೂಟನ್ ಮೀಟರ್ ಹತ್ತಿರ ಟಾರ್ಕ್, ಅಂದರೆ ಎಳೆಯುವ ಬಲ. ಓಡಿದ್ದು ಆಗ ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್.

ನನಗೆ ಬೇಕಿದ್ದದ್ದು ಸ್ಪೀಡ್ ಅಲ್ಲ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಇಳಿಯುವಾಗ ಲೋಡ್ ತುಂಬಿರುತ್ತದೆ, ಅಲ್ಲಿ ಇಂಜಿನ್ ಪವರ್ ಏನೂ ಕೆಲಸಕ್ಕೆ ಬರುವುದಿಲ್ಲ, ಬ್ರೇಕ್ ಬೇಕು. ಹಾಗಾಗಿ ಮೊದಲ ದುಡ್ಡು ಹೋದದ್ದು ಬ್ರೇಕ್ ಲೈನರ್‌ಗೆ. ಅದನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ. ಕಷ್ಟ ಇದ್ದದ್ದು ವಾಪಸ್ ಬರುವಾಗ. ಕೇರಿ ದಾಟಿ ಘಾಟ್ ಶುರುವಾದ ಕೂಡಲೇ, ಒಂದು ಟನ್ನಿನ ಮೇಲೆ ಕಬ್ಬಿಣ ಇದ್ದರೆ ಮೂರನೇ ಗೇರ್ ನಿಲ್ಲುತ್ತಿರಲಿಲ್ಲ. ಎರಡಕ್ಕೆ ಇಳಿಸಬೇಕು, ಇಂಜಿನ್ ಕಿರುಚಬೇಕು, ಟೆಂಪರೇಚರ್ ಮುಳ್ಳು ಮೇಲೆ ಏರಬೇಕು. ನನ್ನ ಗುರಿ ಒಂದೇ: ಅದೇ ಲೋಡಿಗೆ ಅದೇ ಏರಿನಲ್ಲಿ ಮೂರನೇ ಗೇರ್ ನಿಲ್ಲಬೇಕು. ಅಂದರೆ 1500ರಿಂದ 2500 ಆರ್‌ಪಿಎಂ ನಡುವಿನ ಟಾರ್ಕ್. ಅದರ ಮೇಲೆ ಎಷ್ಟು ಎಚ್‌ಪಿ ಬರುತ್ತದೆ ಅನ್ನುವುದು ನಮ್ಮಂಥ ಗಾಡಿಗೆ ಸುಮ್ನೆ ಮಾತು.

ಮೊದಲು ಸಿಗುವುದೇ ಟ್ಯೂನಿಂಗ್ ಬಾಕ್ಸ್. ಎಂಟೂವರೆ ಸಾವಿರ ಕೊಟ್ಟು ತರಿಸಿ ಹಾಕಿದೆ. ಡೀಸೆಲ್ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸರ್‌ನ ಹೆಸರಿನಲ್ಲಿ ಸುಳ್ಳು ಹೇಳುವ ಡಬ್ಬಿ ಅದು. ಪ್ರೆಶರ್ ಕಡಿಮೆ ಇದೆ ಅಂತ ಇಸಿಯುಗೆ ತೋರಿಸುತ್ತದೆ, ಇಸಿಯು ಜಾಸ್ತಿ ಮಾಡುತ್ತದೆ, ನಾಜಲ್ (ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್) ಜಾಸ್ತಿ ಸುರಿಯುತ್ತದೆ. ಖಾನಾಪುರ ರಸ್ತೆಯಲ್ಲಿ ಖಾಲಿ ಓಡಿಸಿದಾಗ ಜಬರದಸ್ತ್ ಅನ್ನಿಸಿತು. ಘಾಟಿನಲ್ಲಿ ಕಪ್ಪು ಹೊಗೆ. ಹಿಂದೆ ಬರುತ್ತಿದ್ದ ಬೈಕಿನವ ಓವರ್‌ಟೇಕ್ ಮಾಡಿ ನನ್ನ ಕಡೆ ನೋಡಿದ ನೋಟ ಮರೆಯುವ ಹಾಗಿಲ್ಲ. ಎರಡನೇ ತಿರುವಿನ ಹತ್ತಿರ ಚೆಕ್ ಇಂಜಿನ್ ಲೈಟ್ ಬಂತು, ಗಾಡಿ ಲಿಂಪ್ ಮೋಡಿಗೆ ಹೋಯಿತು, ಅಂದರೆ ಇಸಿಯು ತಾನೇ ಪವರ್ ಇಳಿಸಿತು. ಬಾಕ್ಸ್ ಕಿತ್ತು ಡ್ಯಾಶ್‌ಬೋರ್ಡಿಗೆ ಹಾಕಿದ ಮೇಲೆ ಮುಂದೆ ಹೋಯಿತು. ಸೆಕೆಂಡ್ ಹ್ಯಾಂಡ್ ಮೂರು ಸಾವಿರಕ್ಕೆ ಮಾರಿದೆ. ತೆಗೆದುಕೊಂಡವನಿಗೆ ಹೀಗಾಗುತ್ತದೆ ಅಂತ ಹೇಳಿಯೇ ಕೊಟ್ಟೆ. ಅವನಿಗೆ ಆ ಹೊಗೆಯೇ ಬೇಕಿತ್ತು! "ಕಾಕಾ, ಹೊಗಿ ಬಂದ್ರನ ಪವರ್ ಅದ ಅಂತ ತಿಳೀತದ" ಅಂದ. ಹೊಗೆ ಅಂದರೆ ಉರಿಯದೆ ಹೊರಗೆ ಹೋದ ಡೀಸೆಲ್, ನಮ್ಮದೇ ದುಡ್ಡು. ಅವನಿಗೆ ಅದನ್ನು ಯಾರು ಹೇಳಬೇಕು?

ಕಂಪನಿಯ ಏರ್ ಫಿಲ್ಟರ್ ಬದಲು ಹಾಕುವ ತೆರೆದ ಕೋನ್ ಫಿಲ್ಟರ್‌ನದೂ ಅದೇ ಹಾಡು. ಸುಮಾರು ನಾಲ್ಕು ಸಾವಿರ. ಸದ್ದು ಚೆನ್ನಾಗಿ ಬರುತ್ತದೆ, ಟರ್ಬೊ ಸೀಟಿ ಹೊಡೆದಂತೆ ಕೇಳುತ್ತದೆ. ಆದರೆ ಅದು ಗಾಳಿ ಎಳೆಯುವುದು ಬಾನೆಟ್ ಒಳಗಿನ ಬಿಸಿ ಜಾಗದಿಂದ. ಜೊತೆಗೆ ನಾನು ಸೀಸನ್‌ನಲ್ಲಿ ತಿಕೋಟಾ ಕಡೆಯಿಂದ ದ್ರಾಕ್ಷಿ ಬಾಡಿಗೆ ಹಿಡಿಯುತ್ತೇನೆ, ತೋಟದ ದಾರಿಯ ಧೂಳು ಗೊತ್ತಲ್ಲ. ಫಿಲ್ಟರ್ ಹಿಂದಿನ ಪೈಪಿನೊಳಗೆ ಬೆರಳು ಹಾಕಿ ನೋಡಿದರೆ ನಯವಾದ ಕರಿಮಣ್ಣು ಅಂಟಿತು. ಅವತ್ತೇ ಕಿತ್ತೆ. ಕಂಪನಿಯ ಪೇಪರ್ ಫಿಲ್ಟರ್ ಮತ್ತು ಅದರ ಡಬ್ಬಿ ನಮ್ಮ ಇಂಜಿನ್‌ಗೆ ಧಾರಾಳ ಸಾಕು. ಹೊತ್ತಿಗೆ ಸರಿಯಾಗಿ ಬದಲಿಸಿದರೆ ಆಯಿತು.

ಇಷ್ಟಾದ ಮೇಲೆ ಏನನ್ನೂ ಕೊಳ್ಳದೆ ಅಳತೆ ಶುರು ಮಾಡಿದೆ. ಇಸಿಯು ರೀಡಿಂಗ್ ಫೋನಿಗೆ ಕಳಿಸುವ ಬ್ಲೂಟೂತ್ ಓಬಿಡಿ ಡಾಂಗಲ್ ಸಾವಿರ ರೂಪಾಯಿ ಒಳಗೆ ಬರುತ್ತದೆ, ಫೋನಿನಲ್ಲಿ ಆ್ಯಪ್. ಇಲ್ಲಿ ಒಂದು ಮಾತು ಹೇಳಲೇಬೇಕು, ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ. ಇಂಜಿನ್ ಬಂದ್ ಇಟ್ಟು ಕೀ ಮಾತ್ರ ಆನ್ ಮಾಡಿ ಮ್ಯಾಪ್ ಸೆನ್ಸರ್ (ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ರೀಡಿಂಗ್ ನೋಡಿ. ಬೆಳಗಾವಿಯಲ್ಲಿ 92-93 ಕಿಲೋಪಾಸ್ಕಲ್ ತೋರಿಸುತ್ತದೆ, ಪಣಜಿಯಲ್ಲಿ 101. ನಮ್ಮ ಊರು ಸಮುದ್ರ ಮಟ್ಟದಿಂದ 750 ಮೀಟರ್ ಮೇಲಿದೆ, ಗಾಳಿಯೇ ತೆಳು. ಹಾಗಾಗಿ ಏನೂ ಮಾಡದಿದ್ದರೂ ಗೋವಾದಲ್ಲಿ ಗಾಡಿ ಚುರುಕು ಅನ್ನಿಸುತ್ತದೆ. ಬೆಳಗಾವಿಯಲ್ಲಿ ಚಿಪ್ ಹಾಕಿಸಿ, ಮಾಪುಸಾ ರಸ್ತೆಯಲ್ಲಿ ಓಡಿಸಿ "ಏನ್ ಎಳೀತದಪ್ಪಾ" ಅನ್ನುವವರು ಬಹಳ ಜನ ಇದ್ದಾರೆ. ಟೆಸ್ಟ್ ಅಂದರೆ ಅದೇ ಏರು, ಅದೇ ತೂಕ, ಆದಷ್ಟು ಅದೇ ಹೊತ್ತು. ನಾನು ಬೆಳಗಿನ ಜಾವದ ಲೆಕ್ಕ ಮಾತ್ರ ಹಿಡಿಯುತ್ತಿದ್ದೆ.

ಡಾಂಗಲ್ ಹೇಳಿದ ಮೊದಲ ವಿಷಯ: ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಬರಬೇಕಾದಷ್ಟು ಬರುತ್ತಿಲ್ಲ. ಟರ್ಬೊ ಹೋಗಿದೆ, ಬದಲಿಸಿ ಅಂತ ಒಬ್ಬ ಮಿಸ್ತ್ರಿ ಹೇಳಿದ. ಇಪ್ಪತ್ತು ಸಾವಿರದ ಮೇಲಿನ ಮಾತು. ಬದಲಿಗೆ ಟರ್ಬೊ ಬಾಯಿಗೆ ಪಿವಿಸಿ ಕ್ಯಾಪ್ ಹಾಕಿ, ಅದಕ್ಕೆ ಹಳೆ ಟ್ಯೂಬಿನ ವಾಲ್ ಕೂಡಿಸಿ, ಕಂಪ್ರೆಸರ್‌ನಿಂದ ಹದಿನೈದು ಪಿಎಸ್‌ಐ ಒಳಗೆ ಗಾಳಿ ತುಂಬಿ ಸೋಪಿನ ನೀರು ಹಚ್ಚಿದೆ. ಇಂಟರ್‌ಕೂಲರ್‌ನ ಹೋಸ್‌ಪೈಪ್ ಕೆಳಗಿನ ಮಡಿಕೆಯಲ್ಲಿ ಬುಳುಬುಳು ಗುಳ್ಳೆ. ಎಣ್ಣೆ ತಾಗಿ ತಾಗಿ ರಬ್ಬರ್ ಮೆತ್ತಗಾಗಿ ಸೀಳಿತ್ತು. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಎರಡೂ ಪೈಪ್ ಸಿಲಿಕೋನ್ ಹಾಕಿಸಿ ಟಿ-ಬೋಲ್ಟ್ ಕ್ಲ್ಯಾಂಪ್ ಬಿಗಿದೆ, ನಾಲ್ಕು ಸಾವಿರದ ಹತ್ತಿರ ಆಯಿತು. ಟರ್ಬೊ ಇವತ್ತಿಗೂ ಅದೇ ಇದೆ.

ಆಮೇಲೆ ಇಜಿಆರ್ (ಸ್ವಲ್ಪ ಹೊಗೆಯನ್ನು ವಾಪಸ್ ಇಂಜಿನ್‌ಗೆ ಕಳಿಸುವ ವಾಲ್) ಮತ್ತು ಗಾಳಿ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿದೆವು. ಮಸಿ ಮತ್ತು ಎಣ್ಣೆ ಸೇರಿ ಡಾಂಬರಿನ ಹಾಗೆ ಕೂತಿತ್ತು, ದಾರಿ ಮೂರರಲ್ಲಿ ಒಂದು ಪಾಲು ಮುಚ್ಚಿತ್ತು. ಒಂದು ದಿನದ ಕೂಲಿ, ಗ್ಯಾಸ್ಕೆಟ್, ಡೀಸೆಲ್, ಬ್ರಷ್ ಎಲ್ಲ ಸೇರಿ ಮೂರು ಸಾವಿರ. ಇಜಿಆರ್ ಮುಚ್ಚಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಮುಚ್ಚಿಲ್ಲ, ಸೈಲೆನ್ಸರಿನ ಕ್ಯಾಟ್ (ಹೊಗೆ ಶುದ್ಧ ಮಾಡುವ ಭಾಗ) ಕೂಡ ಕೊರೆದಿಲ್ಲ. ಫಿಟ್ನೆಸ್‌ಗೆ ನಿಲ್ಲುವ ಗಾಡಿ ಇದು, ಪಿಯುಸಿ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟದ್ದಕ್ಕೆ ಹೊಂದದ ಬದಲಾವಣೆ ನಡೆಯುವುದಿಲ್ಲ ಅಂದಿದೆ. ರೀಮ್ಯಾಪ್‌ಗೂ ಕಂಪನಿ ಒಪ್ಪುವುದಿಲ್ಲ, ವಾರಂಟಿ ಇದ್ದರೆ ಹೋಗುತ್ತದೆ, ಇನ್ಶೂರೆನ್ಸ್‌ನವರು ತಕರಾರು ತೆಗೆಯಬಹುದು. ನನ್ನ ವಾರಂಟಿ ಯಾವಾಗಲೋ ಮುಗಿದಿತ್ತು. ನಿಮ್ಮದು ನೀವು ನೋಡಿಕೊಳ್ಳಿ.

ದೊಡ್ಡ ಖರ್ಚು ನಾಜಲ್‌ದು. ನಾಜಲ್‌ಗಳಿಂದ ಹೆಚ್ಚಾದ ಡೀಸೆಲ್ ವಾಪಸ್ ಬರುವ ನಾಲ್ಕೂ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಐಡಲ್‌ನಲ್ಲಿ ಬಿಟ್ಟರೆ ಯಾವುದು ಒಳಗೇ ಸೋರುತ್ತಿದೆ ಗೊತ್ತಾಗುತ್ತದೆ. ನನ್ನದರಲ್ಲಿ ಎರಡನೆಯ ಬಾಟಲಿ ಉಳಿದವಕ್ಕಿಂತ ಎರಡು ಪಟ್ಟು ತುಂಬಿತು. ಪಂಪ್ ಶಾಪ್‌ನವ ಒಂದೇ ರಿಪೇರಿ ಮಾಡೋಣ ಅಂದ. ನಾಲ್ಕನ್ನೂ ಬೆಂಚಿನ ಮೇಲೆ ಹಾಕಿಸಿದೆ, ಒಂದಕ್ಕೆ ಮೂರೂವರೆ ಸಾವಿರದಂತೆ ಹದಿನಾಲ್ಕು ಸಾವಿರ. ರಿಪೇರಿ ಆದ ಮೇಲೆ ಸ್ಕ್ಯಾನರ್‌ನಿಂದ ಪ್ರತಿ ನಾಜಲ್‌ನ ಕೋಡ್ ಇಸಿಯುಗೆ ಬರೆಸುವುದನ್ನು ಬಿಡಬೇಡಿ. ಕೆಲವರು ಅಲ್ಲಿ ಐನೂರು ಉಳಿಸಲು ಹೋಗಿ ಐಡಲ್ ಕುಣಿತ ತಂದುಕೊಳ್ಳುತ್ತಾರೆ.

ಇಲ್ಲಿಗೆ ರೀಮ್ಯಾಪ್ ಇನ್ನೂ ಆಗಿಲ್ಲ, ಗಮನಿಸಿ. ಆದರೂ ಘಾಟಿನ ಮುಕ್ಕಾಲು ಭಾಗ ಮೂರನೇ ಗೇರಿನಲ್ಲಿ ಹತ್ತುತ್ತಿತ್ತು. ಎವರೇಜ್ ಲೀಟರಿಗೆ ಹತ್ತೂಮುಕ್ಕಾಲು ಕಿಲೋಮೀಟರ್‌ನಿಂದ ಹನ್ನೆರಡರ ಮೇಲೆ ಬಂತು. ತಿಂಗಳಿಗೆ ನಾಲ್ಕೂವರೆ ಸಾವಿರ ಕಿಲೋಮೀಟರ್ ಓಡುವ ಗಾಡಿಗೆ ಐವತ್ತು ಲೀಟರ್ ಹತ್ತಿರ ಉಳಿತಾಯ. ಲೀಟರಿಗೆ ತೊಂಬತ್ತು ಹಿಡಿಯಿರಿ, ಐದಾರು ತಿಂಗಳಲ್ಲಿ ಈ ಖರ್ಚು ತೀರಿತು. ಇಷ್ಟಕ್ಕೇ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಆದರೆ ಉಳಿದ ಕಾಲು ಭಾಗ ನನ್ನನ್ನು ಬಿಡಲಿಲ್ಲ.

ನಡುವೆ ಒಂದು ಮಜಾ ಪ್ರಯೋಗ. ವೈಪರ್ ನೀರಿನ ಮೋಟರ್ ಒಂದನ್ನು ಗುಜರಿಯಿಂದ ತಂದು, ಇಂಟರ್‌ಕೂಲರ್ ಮೇಲೆ ನೀರು ಸಿಂಪಡಿಸುವ ಹಾಗೆ ಮಾಡಿದೆ. ಏಪ್ರಿಲ್ ಬಿಸಿಲಿನಲ್ಲಿ ಒಳಗೆ ಹೋಗುವ ಗಾಳಿಯ ಟೆಂಪರೇಚರ್ ಹತ್ತು ಡಿಗ್ರಿ ಇಳಿಯಿತು, ಸುಳ್ಳಲ್ಲ. ಆದರೆ ಹತ್ತು ಲೀಟರ್ ಕ್ಯಾನ್ ಅರ್ಧ ಘಾಟಿಗೇ ಖಾಲಿ. ಬೋರಿನ ನೀರಿನ ಉಪ್ಪು ರೆಕ್ಕೆಗಳ ಮೇಲೆ ಬಿಳಿಯಾಗಿ ಕೂತಿತು. ಮಳೆಗಾಲದಲ್ಲಿ ಕಣಕುಂಬಿ ಕಡೆ ದೇವರೇ ಸಿಂಪಡಿಸುತ್ತಾನೆ ಬಿಡಿ. ಅದನ್ನು ತೆಗೆದು ಬೇರೆ ದಾರಿ ಹಿಡಿದೆ. ಮುಂದಿನ ಜಾಲರಿಯಿಂದ ಬಂದ ಗಾಳಿ ಇಂಟರ್‌ಕೂಲರ್ ಪಕ್ಕದ ಸಂದಿಯಿಂದ ಜಾರಿ ಹೋಗುತ್ತಿತ್ತು. ಆ ಸಂದಿಗಳನ್ನು ಬಾಗಿಲಿನ ರಬ್ಬರ್ ಬೀಡಿಂಗ್‌ನಿಂದ ಮುಚ್ಚಿದೆ. ಖರ್ಚು ಇನ್ನೂರು ರೂಪಾಯಿ ಆಗಿರಬಹುದು, ನೀರಿನ ಅರ್ಧದಷ್ಟು ಫಾಯಿದೆ ಕಾಯಂ ಆಗಿ ಸಿಕ್ಕಿತು. ಎಲ್ಲಿ ಮುಚ್ಚಬೇಕು, ಎಲ್ಲಿ ಬಿಡಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ತಪ್ಪು ಕಡೆ ಮುಚ್ಚಿದರೆ ರೇಡಿಯೇಟರ್ ಕಾಯುತ್ತದೆ. ಅದನ್ನು ಬರೆಯುವುದಿಲ್ಲ. ಗಾಡಿ ತಂದು ಬಾನೆಟ್ ಎತ್ತಿದರೆ ತೋರಿಸುತ್ತೇನೆ.

ರೀಮ್ಯಾಪ್‌ಗೆ ಮುಂಚೆ ಎರಡು ಖರ್ಚು ಮಾಡಲೇಬೇಕು. ಒಂದು, ಎಗ್ಸಾಸ್ಟ್ ಟೆಂಪರೇಚರ್ ಗೇಜ್. ಅದರ ಪ್ರೋಬ್ (ಬಿಸಿ ಅಳೆಯುವ ಕಡ್ಡಿ) ಟರ್ಬೊಗಿಂತ ಮೊದಲೇ, ಎಗ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಕೂರಬೇಕು. ಮ್ಯಾನಿಫೋಲ್ಡ್ ಕೆಳಗಿಳಿಸಿ ಡ್ರಿಲ್ ಮಾಡಿಸಿ, ಇಲ್ಲದಿದ್ದರೆ ಕಬ್ಬಿಣದ ಚೂರು ಟರ್ಬೊ ಒಳಗೆ ಹೋಗುತ್ತದೆ. ನಾನು ಉದ್ಯಮಬಾಗದಲ್ಲಿ ಪರಿಚಯದ ಮಷೀನ್ ಶಾಪ್‌ನಲ್ಲಿ ತೂತು ಹೊಡೆಸಿ ಆಟೆ (ಥ್ರೆಡ್) ಹಾಕಿಸಿದೆ. ನಮ್ಮ ಊರಿನ ಭಾಗ್ಯ ಇದು, ಇಂಥ ಕೆಲಸಕ್ಕೆ ಪುಣೆಗೆ ಹೋಗಬೇಕಿಲ್ಲ. ಗೇಜ್, ಕೂಲಿ ಸೇರಿ ಏಳೂವರೆ ಸಾವಿರ. ಎರಡನೆಯದು ಕ್ಲಚ್. ಟಾರ್ಕ್ ಏರಿಸಿದರೆ ಮೊದಲು ಜಾರುವುದು ಅದೇ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಎಲ್ಲ ಹೊಸದು, ಹನ್ನೊಂದು ಸಾವಿರ.

ರೀಮ್ಯಾಪ್ ಮಾಡಿದ ಟ್ಯೂನರ್ ಪುಣೆಯವನು, ಒಟ್ಟು ಇಪ್ಪತ್ತನಾಲ್ಕು ಸಾವಿರ. ಅವನಿಗೆ ನಾನು ಮೂರು ಷರತ್ತು ಹಾಕಿದೆ: 1500 ಆರ್‌ಪಿಎಂ ಕೆಳಗೆ ಏನೂ ಮುಟ್ಟಬಾರದು, ಸ್ಮೋಕ್ ಲಿಮಿಟರ್ (ಗಾಳಿಗೆ ತಕ್ಕಷ್ಟೇ ಡೀಸೆಲ್ ಬಿಡುವ ಮಿತಿ) ಇದ್ದಲ್ಲೇ ಇರಬೇಕು, ಟಾರ್ಕ್ ಐದನೇ ಒಂದಕ್ಕಿಂತ ಜಾಸ್ತಿ ಏರಬಾರದು. ಅವನು ನಕ್ಕ. "ಅಣ್ಣಾ, ಇಷ್ಟಕ್ಕೆ ಯಾಕೆ ದುಡ್ಡು ಕೊಡ್ತೀರಿ, ಇನ್ನೂ ಬಹಳ ತೆಗೀಬಹುದು" ಅಂದ. ತೆಗೀಬಹುದು, ನಿಜ. ಕಡಿಮೆ ಆರ್‌ಪಿಎಂನಲ್ಲಿ ಲೋಡ್ ಇಟ್ಟುಕೊಂಡು ಪೆಡಲ್ ತುಳಿದರೆ ಕನೆಕ್ಟಿಂಗ್ ರಾಡ್, ಬೇರಿಂಗ್ ಮೇಲೆ ಬೀಳುವ ಪೆಟ್ಟು ಅವನಿಗೆ ಕಾಣುವುದಿಲ್ಲ. ಅವನ ಗಿರಾಕಿಗಳು ಖಾಲಿ ಎಸ್‌ಯುವಿಯಲ್ಲಿ ಭಾನುವಾರ ಓಡಿಸುವವರು.

ಅವನು ಕೊಟ್ಟ ಮೊದಲ ರೀಮ್ಯಾಪ್ ಫೈಲ್ ಹಾಕಿದಾಗ ಘಾಟಿನ ಮಧ್ಯದಲ್ಲಿ ಗೇಜ್ 720 ಡಿಗ್ರಿ ತೋರಿಸಿತು. ಮೂಲ ಮ್ಯಾಪಿನಲ್ಲಿ 610-620 ಇತ್ತು. ಕೆಲವರು 750ರ ತನಕ ನಡೆಯುತ್ತದೆ ಅನ್ನುತ್ತಾರೆ, ಒಂದೆರಡು ನಿಮಿಷಕ್ಕೆ ಇರಬಹುದು. ನಾನು ಕಾಲು ಗಂಟೆ ಏರಿನ ಮೇಲೆ ಇರುತ್ತೇನೆ. ಆ ರೀಡಿಂಗ್‌ಗಳ ಲಾಗ್ ಕಳಿಸಿದೆ, 2000 ಆರ್‌ಪಿಎಂ ಸುತ್ತ ಡೀಸೆಲ್ ಸ್ವಲ್ಪ ಕಡಿಮೆ ಮಾಡಿ ಎರಡನೇ ಫೈಲ್ ಕಳಿಸಿದ. ಈಗ 670ರ ಹತ್ತಿರ ನಿಲ್ಲುತ್ತದೆ. ಪವರ್ ಅಳೆಯುವ ಡೈನೊ ಮೇಲೆ ಹಾಕಿಲ್ಲ, ಟ್ಯೂನರ್ 235 ಟಾರ್ಕ್ ಅನ್ನುತ್ತಾನೆ. ಇರಲಿ. ಕೇರಿಯಿಂದ ಮೇಲಿನ ತನಕ ಮೂರನೇ ಗೇರ್, ಎರಡು ಕಡಿದಾದ ತಿರುವು ಬಿಟ್ಟರೆ. ಹೊಗೆ ಇಲ್ಲ, ಪಿಯುಸಿ ಆರಾಮಾಗಿ ಪಾಸ್. ಎವರೇಜ್ ರೀಮ್ಯಾಪ್‌ನಿಂದ ಏರಲಿಲ್ಲ, ಇಳಿಯಲೂ ಇಲ್ಲ. ಎರಡು ಕಿಲೋಮೀಟರ್ ಜಾಸ್ತಿ ಕೊಡುತ್ತದೆ ಅಂತ ಯಾರಾದರೂ ಹೇಳಿದರೆ ಅದು ಮಾರುವವನ ಮಾತು.

ಆಯಿಲ್ ಹತ್ತು ಸಾವಿರ ಕಿಲೋಮೀಟರ್ ಬದಲು ಏಳು ಸಾವಿರಕ್ಕೇ ಬದಲಿಸುತ್ತೇನೆ, 15ಡಬ್ಲ್ಯು-40 ಸಿಐ-4 ಪ್ಲಸ್. ಘಾಟ್ ಹತ್ತಿದ ಕೂಡಲೇ ಇಂಜಿನ್ ಬಂದ್ ಮಾಡುವುದಿಲ್ಲ, ಗೇಜ್ 300ಕ್ಕೆ ಇಳಿಯುವ ತನಕ ಐಡಲ್. ಪಾಸಿಂಗ್ ತೂಕಕ್ಕಿಂತ ಒಂದೂವರೆ ಪಟ್ಟು ಹೇರುವವರಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಅವರು ದೊಡ್ಡ ಗಾಡಿ ತೆಗೆದುಕೊಳ್ಳುವುದೇ ಅಗ್ಗ.

ಕೆಲಸಕ್ಕೆ ಬಂದ ಖರ್ಚು ಅರವತ್ತೈದು ಸಾವಿರದ ಸುತ್ತ, ವ್ಯರ್ಥ ಹೋದದ್ದು ಒಂಬತ್ತೂವರೆ ಸಾವಿರ. ಟ್ಯೂನರ್ ಹತ್ತಿರ ಮೂಲ ಫೈಲ್ ಕೇಳಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ, ಗಾಡಿ ಮಾರುವಾಗ ಬೇಕಾಗುತ್ತದೆ. ಬಿಎಸ್ 6 ಗಾಡಿಯವರೂ ಕೇಳುತ್ತಾರೆ. ಅದರಲ್ಲಿ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಇದೆ, ನಾನು ಮುಟ್ಟಿಲ್ಲ. ಸೋಪಿನ ನೀರಿನ ಟೆಸ್ಟ್ ಮಾತ್ರ ಅದಕ್ಕೂ ಆಗುತ್ತದೆ. ಮೊನ್ನೆ ನಮ್ಮ ಸ್ಟ್ಯಾಂಡಿನ ಒಬ್ಬ ಟ್ಯೂನರ್‌ಗೆ ಅಡ್ವಾನ್ಸ್ ಕಳಿಸಿ ನನ್ನ ಹತ್ತಿರ ಬಂದ. ಮೊದಲು ಬಾಟಲಿ ಕಟ್ಟು ಅಂದೆ. ಮೂರನೇ ಬಾಟಲಿ ಐದು ನಿಮಿಷಕ್ಕೆ ತುಂಬಿ ಹರಿಯಿತು. ಸೋಮವಾರ ಪಂಪ್ ಶಾಪ್‌ಗೆ ಹೋಗುತ್ತಿದ್ದಾನೆ.