ಟೈನಿ ಪಿಸಿಗೆ 32 ಜಿಬಿ ಹಾಕಿದ ಕಥೆ

ನನ್ನ ಲೆನೊವೊ ಎಂ710ಕ್ಯೂ ಟೈನಿಗೆ 32 ಜಿಬಿ ರ‍್ಯಾಮ್ ಕೂರಿಸಿ ಎರಡು ಮದುವೆ ಸೀಸನ್ ಕಳೆದವು. ನಾನು ಮದುವೆ ಆಲ್ಬಮ್ ಮಾಡುವವನು. ಒಂದು ಸಲವೂ ಹ್ಯಾಂಗ್ ಆಗಿಲ್ಲ. "ಅಷ್ಟು ಸಣ್ಣ ಡಬ್ಬಿ ತಡೆಯಲ್ಲ ಸರ್, ಟವರ್ ತಗೊಳ್ಳಿ" ಅಂತ ಸರ್ವೀಸ್ ಹುಡುಗರು 45 ಸಾವಿರದ ಲೆಕ್ಕ ಕೊಟ್ಟಿದ್ದರು. ಈ ಮಷಿನ್ ಸೆಕೆಂಡ್ ಹ್ಯಾಂಡ್‌ನಲ್ಲಿ ಬಿದ್ದಿದ್ದೇ ಹನ್ನೊಂದೂವರೆ ಸಾವಿರಕ್ಕೆ.

ಆಲ್ಬಮ್ ಮಾಡುವವರಿಗೆ ಗೊತ್ತಲ್ವಾ, 12 ಬೈ 36 ಇಂಚಿನ ಶೀಟ್ 300 ಡಿಪಿಐನಲ್ಲಿ ಒಂದು ಲೇಯರ್‌ಗೇ 110 ಎಂಬಿ ದಾಟುತ್ತೆ. ಮೊದಲಿದ್ದ 8 ಜಿಬಿ ಸಾಲದೆ ಫೋಟೋಶಾಪ್ ಸುಮ್ನೆ ಡಿಸ್ಕ್ ಕೆರೆಯುತ್ತಾ ಕೂರುತ್ತಿತ್ತು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೊದಲು ತಂದ ಹಳೇ 16 ಜಿಬಿ ರ‍್ಯಾಮ್ ಸ್ಟಿಕ್ ಕೈ ಕೊಟ್ಟಿತು. ವಿಂಡೋಸ್‌ನಲ್ಲಿ ಪೂರ್ತಿ 16 ತೋರಿಸುತ್ತೆ, ಜೆಪೆಗ್ ಎಕ್ಸ್‌ಪೋರ್ಟ್ ಕೊಟ್ಟರೆ ನೀಲಿ ಸ್ಕ್ರೀನ್. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ, ಬೆಳಗ್ಗೆ ನೋಡಿದರೆ ತಪ್ಪು ತೋರಿಸುವ ಕೆಂಪು ಸಾಲುಗಳು. ಅಂಗಡಿಯವರು 300 ಹಿಡಿದುಕೊಂಡು ವಾಪಸ್ ತಗೊಂಡರು. ದಾವಣಗೆರೆಯಿಂದ ಹೋಗಿಬರುವ ಬಸ್ ಚಾರ್ಜ್ ಬೇರೆ.

ಎರಡನೇ ಸಲ ಎರಡು 16 ಜಿಬಿ ಸ್ಟಿಕ್ ತಂದೆ, ಒಂದಕ್ಕೆ ಸುಮಾರು 2,200. ಎರಡೂ 3200 ವೇಗದವು. ಈ ಬೋರ್ಡಿಗೆ ಆಗಲ್ಲ ಅಂದವರು ಬಹಳ. ಆದರೆ ಐ5-7400ಟಿ ಪ್ರೊಸೆಸರ್ ಜೊತೆ ಅವು ತಾವೇ 2400ಕ್ಕೆ ಇಳಿದು ಓಡುತ್ತವೆ.

ಹಿಂದಿನ ಸ್ಕ್ರೂ ಬಿಚ್ಚಿ, ಮೇಲಿನ ಮುಚ್ಚಳ ಸರಿಸಿ, ಮಷಿನ್ ಮಗುಚಿ ಕೆಳಗಿನದನ್ನೂ ತೆಗೆದೆ. ರ‍್ಯಾಮ್ ಇರುವುದು ಕೆಳಗೇ. ಹಾಕಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ರಬ್ಬರಿನಿಂದ ಕಾಂಟ್ಯಾಕ್ಟ್ ಉಜ್ಜಿದೆ, ಬೋರ್ಡಿನ ಸೆಟ್ಟಿಂಗ್ ಉಳಿಸುವ ಸಿಮೋಸ್ ಬ್ಯಾಟರಿ ತೆಗೆದು ಮತ್ತೆ ಹಾಕಿದೆ, ಏನೂ ಆಗಲಿಲ್ಲ. ಎರಡು ಗಂಟೆ ಹೋಯಿತು. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ಒಂದು ಸ್ಟಿಕ್‌ನ ಚಿನ್ನದ ಗೆರೆ ಒಂದು ಕಡೆ ಜಾಸ್ತಿ ಕಾಣುತ್ತಿತ್ತು. ಕ್ಲಿಪ್ ಕಚ್ಚಿತ್ತು, ಸ್ಟಿಕ್ ಮಾತ್ರ ಪೂರ್ತಿ ಒಳಗೆ ಹೋಗಿರಲಿಲ್ಲ. ಓರೆಯಾಗಿ ಹಿಡಿದು ಗಟ್ಟಿಯಾಗಿ ಒತ್ತಿ, ಆಮೇಲೆ ಮಲಗಿಸಿದೆ. ಆನ್ ಮಾಡಿ ಒಂದು ನಿಮಿಷದ ಹತ್ತಿರ ಕಾದೆ, ಲೋಗೋ ಬಂತು.

ಕುತೂಹಲಕ್ಕೆ ಒಂದು ಸ್ಟಿಕ್ ತೆಗೆದು ಒಂದು ವಾರ ಕೆಲಸ ಮಾಡಿದೆ. ಎಕ್ಸ್‌ಪೋರ್ಟ್‌ನಲ್ಲಿ ಅಂಥ ವ್ಯತ್ಯಾಸ ಇಲ್ಲ, ಜೂಮ್ ಮಾಡುವಾಗ ಎಳೆಯುತ್ತೆ. ಈ ಮಷಿನ್‌ನಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ತಿನ್ನುತ್ತೆ, ಎರಡು ಸ್ಟಿಕ್ ಇದ್ದರೆ ಡೇಟಾ ಎರಡು ದಾರಿಯಲ್ಲಿ ಹರಿಯುತ್ತೆ, ಹಾಗಾಗಿ ಎರಡೂ ಸ್ಲಾಟ್ ತುಂಬಿರಬೇಕು.

ಒಟ್ಟು ಖರ್ಚು ಬಸ್ ಸೇರಿ ಐದೂವರೆ ಸಾವಿರ. 40 ಶೀಟಿನ ಆಲ್ಬಮ್ ಎಕ್ಸ್‌ಪೋರ್ಟ್ ಮೊದಲು ಮುಕ್ಕಾಲು ಗಂಟೆ, ಈಗ ಹನ್ನೆರಡು ನಿಮಿಷ. ಟವರ್ ತಗೊಳ್ಳಿ ಅಂದ ಹುಡುಗನೇ ಹೋದ ತಿಂಗಳು ತನ್ನ ಟೈನಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಿದ್ದ.