ನಿಕೊಲಾಸ್ ಪೊಲಿಟಿಸ್ ಬಗ್ಗೆ ಬರೆಯಲು ಕೂತವರಿಗೆ

ವ್ಯಕ್ತಿಚಿತ್ರಗಳನ್ನು ತಿದ್ದುವುದೇ ನನ್ನ ಕೆಲಸ. ಗ್ರೀಸಿನ ಕಾನೂನು ಪಂಡಿತ, ರಾಜತಾಂತ್ರಿಕ ಪೊಲಿಟಿಸ್ ಬಗ್ಗೆ ಯಾರಾದರೂ ಬರೆದು ತಂದರೆ ಮೊದಲು ನೋಡುವುದು, ಆಸಾಮಿ ಅವರೇ ಹೌದೋ ಅಲ್ಲವೋ ಅಂತ. ಗ್ರೀಸಿನಲ್ಲಿ ಅದೇ ಹೆಸರಿನ ಇಬ್ಬರು ಪ್ರಾಧ್ಯಾಪಕರಿದ್ದರು. 1852ರಲ್ಲಿ ಕಲಮಾಟಾದಲ್ಲಿ ಹುಟ್ಟಿದವರು ಜಾನಪದ ವಿದ್ವಾಂಸರು. ನಮಗೆ ಬೇಕಾದವರು ಕಾನೂನಿನವರು: 1872ರಲ್ಲಿ ಗ್ರೀಸಿನ ಕೊರ್ಫು ದ್ವೀಪದಲ್ಲಿ ಹುಟ್ಟಿ, 1942ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ತೀರಿಕೊಂಡವರು. ಫ್ರೆಂಚ್ ಪುಸ್ತಕಗಳಲ್ಲಿ ಇವರ ಹೆಸರು ‘ನಿಕೊಲಾ’ ಎಂದಿರುತ್ತದೆ. ಹುಡುಕುವಾಗ ಎರಡನ್ನೂ ಹಾಕಿ.

ತಾರೀಖುಗಳ ವಿಷಯದಲ್ಲೂ ಹುಷಾರು. ಗ್ರೀಸ್ 1923ರ ಫೆಬ್ರವರಿವರೆಗೆ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಇಟ್ಟುಕೊಂಡಿತ್ತು. 19ನೇ ಶತಮಾನದ ತಾರೀಖಾದರೆ 12 ದಿನ, ಆಮೇಲಿನದಾದರೆ 13 ದಿನ ಕೂಡಿಸಿ ಒಂದೇ ಲೆಕ್ಕಕ್ಕೆ ತನ್ನಿ.

ಫ್ರಾನ್ಸಿನಲ್ಲಿ ಪಾಠ ಹೇಳಿದ ಊರುಗಳನ್ನು ಒಂದೇ ಸಾಲಿನಲ್ಲಿ ಮುಗಿಸಿ: ಏಕ್ಸ್, ಪ್ವಾತಿಯೇ, ಪ್ಯಾರಿಸ್. ಆದರೆ 1905ರಲ್ಲಿ ಆಲ್ಬೆರ್ ದ ಲಾಪ್ರಾದೆಲ್ ಜೊತೆ ಸೇರಿ ದೇಶದೇಶಗಳ ನಡುವಿನ ಮಧ್ಯಸ್ಥಿಕೆ ತೀರ್ಪುಗಳ ಸಂಗ್ರಹ ತಂದದ್ದನ್ನು ಬಿಡಬೇಡಿ, ಮುಂದೆ ಬೇಕಾಗುತ್ತದೆ. 1916ರಲ್ಲಿ ರಾಜನಿಗೆ ಎದುರಾಗಿ ಗ್ರೀಕ್ ರಾಜಕಾರಣಿ ವೆನಿಜೆಲೊಸ್ ಥೆಸಲೊನಿಕಿಯಲ್ಲಿ ಕಟ್ಟಿದ ಸರ್ಕಾರದಲ್ಲಿ ಪೊಲಿಟಿಸ್ ವಿದೇಶಾಂಗ ಸಚಿವರಾದರು, 1920ರವರೆಗೂ ಆ ಖಾತೆಯಲ್ಲಿದ್ದರು. ಇಷ್ಟಕ್ಕೆ ಒಂದು ಪ್ಯಾರಾ ಧಾರಾಳ.

ಜಾಗವನ್ನೆಲ್ಲ 1923ಕ್ಕೆ ಉಳಿಸಿಕೊಳ್ಳಿ. ಆಗಸ್ಟ್ 27ರಂದು ಗ್ರೀಸ್–ಅಲ್ಬೇನಿಯಾ ಗಡಿ ಗುರುತಿಸಲು ಹೋಗಿದ್ದ ಇಟಲಿಯ ಜನರಲ್ ತೆಲ್ಲಿನಿಯ ಕೊಲೆಯಾಯಿತು. ಕೊಂದವರು ಯಾರೆಂದು ಗೊತ್ತಾಗುವ ಮೊದಲೇ ಮುಸೊಲಿನಿ 5 ಕೋಟಿ ಲೀರಾ ಪರಿಹಾರ ಕೇಳಿದ. 31ರಂದು ಅವನ ನೌಕಾಪಡೆ ಕೊರ್ಫುವಿನ ಮೇಲೆ ಗುಂಡು ಸುರಿಸಿ ದ್ವೀಪವನ್ನು ಹಿಡಿಯಿತು. ಹಳೆಯ ಕೋಟೆಯಲ್ಲಿ ಏಷ್ಯಾ ಮೈನರ್‌ನಿಂದ ಓಡಿಬಂದ ನಿರಾಶ್ರಿತರಿದ್ದರು, ಸತ್ತವರಲ್ಲಿ ಅವರೂ ಸೇರಿದ್ದರು. ಇದು ಯುದ್ಧವಲ್ಲ, ತಾತ್ಕಾಲಿಕ ಶಾಂತಿಯುತ ವಶ ಅಷ್ಟೇ ಎಂದಿತು ಇಟಲಿ. ಜಿನೀವಾದಲ್ಲಿ ಲೀಗ್ ಆಫ್ ನೇಷನ್ಸ್ (ವಿಶ್ವಸಂಸ್ಥೆಗೂ ಮೊದಲಿದ್ದ ದೇಶಗಳ ಕೂಟ) ಮಂಡಳಿಯ ಮುಂದೆ ಗ್ರೀಸಿನ ಪರ ಕೂತಿದ್ದವರು ಇದೇ ಪೊಲಿಟಿಸ್, ಗುಂಡು ಬಿದ್ದದ್ದು ಅವರ ಹುಟ್ಟೂರಿನ ಮೇಲೆ. ವ್ಯಾಜ್ಯ ಮಾತ್ರ ಲೀಗ್‌ನ ಕೈಜಾರಿ ಮೊದಲ ಮಹಾಯುದ್ಧ ಗೆದ್ದ ದೇಶಗಳು ಪ್ಯಾರಿಸಿನಲ್ಲಿ ನಡೆಸುತ್ತಿದ್ದ ರಾಯಭಾರಿಗಳ ಸಮ್ಮೇಳನಕ್ಕೆ ಹೋಯಿತು. ಗ್ರೀಸ್ ಪೂರ್ತಿ 5 ಕೋಟಿ ತೆತ್ತಿತು. ಇಟಲಿ ಸೆಪ್ಟೆಂಬರ್ 27ರಂದು ದ್ವೀಪ ಬಿಟ್ಟಿತು.

ಈಗ ಇದರ ಪಕ್ಕದಲ್ಲೇ 1924ರ ಜಿನೀವಾ ಪ್ರೊಟೊಕಾಲ್ ಎಂಬ ಒಪ್ಪಂದವನ್ನು ಇಡಿ. ಚೆಕೊಸ್ಲೊವಾಕಿಯಾದ ವಿದೇಶಾಂಗ ಸಚಿವ ಬೆನೆಶ್ ಜೊತೆ ಅದರ ವರದಿ ಮಂಡಿಸಿದವರು ಪೊಲಿಟಿಸ್. ತಗಾದೆ ಬಂದಾಗ ಮಧ್ಯಸ್ಥಿಕೆಗೆ ಒಪ್ಪದೆ ಯುದ್ಧಕ್ಕಿಳಿದವನೇ ಆಕ್ರಮಣಕಾರ ಎನ್ನುವುದು ಅದರ ತಿರುಳು. 1905ರ ಸಂಗ್ರಹ ಇಲ್ಲಿ ಕೆಲಸಕ್ಕೆ ಬಂತು ನೋಡಿ. 1925ರ ಮಾರ್ಚ್‌ನಲ್ಲಿ ಬ್ರಿಟನ್ ಒಲ್ಲೆ ಎಂದಿತು, ಪ್ರೊಟೊಕಾಲ್ ಅಲ್ಲಿಗೇ ನಿಂತಿತು.

1933ರಲ್ಲಿ ಮತ್ತೆ ಅದೇ ಪ್ರಶ್ನೆ: ಆಕ್ರಮಣಕಾರ ಯಾರು? ಸೋವಿಯತ್ ವಿದೇಶಾಂಗ ಮುಖ್ಯಸ್ಥ ಲಿಟ್ವಿನೊವ್ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ಆಕ್ರಮಣಕ್ಕೆ ವ್ಯಾಖ್ಯೆ ಮಂಡಿಸಿದರು, ಅದನ್ನು ತಿದ್ದಿದ್ದು ಪೊಲಿಟಿಸ್ ಅಧ್ಯಕ್ಷತೆಯ ಸಮಿತಿ. ಐದು ಕೃತ್ಯಗಳನ್ನು ಎಣಿಸಿದ್ದಾರೆ. ನೀವು ಎತ್ತಿ ಬರೆಯಬೇಕಾದ್ದು ಎರಡನೆಯದು: ಯುದ್ಧ ಘೋಷಿಸಲಿ ಬಿಡಲಿ, ಇನ್ನೊಂದು ದೇಶದ ನೆಲಕ್ಕೆ ಸೈನ್ಯ ನುಗ್ಗಿಸಿದರೆ ಅದು ಆಕ್ರಮಣ. ರಾಜಕೀಯ, ಸೈನಿಕ, ಆರ್ಥಿಕ ಯಾವ ನೆಪವೂ ನಡೆಯುವುದಿಲ್ಲ ಎಂಬ ಸಾಲೂ ಇದೆ. ‘ತಾತ್ಕಾಲಿಕ ಶಾಂತಿಯುತ ವಶ’ಕ್ಕೆ ಇಲ್ಲಿ ತೂರಲು ಸಂದಿಲ್ಲ. ಪೊಲಿಟಿಸ್ ಕೊರ್ಫುವನ್ನೇ ನೆನೆದು ಬರೆದರು ಎಂದು ಮಾತ್ರ ಹೇಳಬೇಡಿ. ಅದು ನಿಮ್ಮ ಊಹೆಯಾದೀತು. ಎರಡನ್ನೂ ಒತ್ತಟ್ಟಿಗಿಡಿ, ಓದುವವರು ದಡ್ಡರಲ್ಲ.

ಕೊನೆಗೆ 1933ರ ಜುಲೈ 3ರಂದು ಲಂಡನ್ನಿನಲ್ಲಿ ಆ ವ್ಯಾಖ್ಯೆಗೆ ಸಹಿ ಹಾಕಿದವರ ಪಟ್ಟಿಯನ್ನೂ ಕೊಡಿ: ಸೋವಿಯತ್ ಒಕ್ಕೂಟ, ಪೋಲೆಂಡ್, ರುಮೇನಿಯಾ, ಎಸ್ತೋನಿಯಾ, ಲಾಟ್ವಿಯಾ, ಟರ್ಕಿ, ಪರ್ಷಿಯಾ, ಅಫ್ಘಾನಿಸ್ತಾನ. ಇಟಲಿ, ಬ್ರಿಟನ್, ಫ್ರಾನ್ಸ್ ಇದರಲ್ಲಿಲ್ಲ ಎಂಬುದನ್ನು ಬಾಯಿಬಿಟ್ಟೇ ಹೇಳಿ.